ಸಮೂಹ ನಾಶದ ಅಸ್ತ್ರಗಳು: ಮೈಸೂರು–ಮಂಡ್ಯದಲ್ಲಿ ಜನ ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಪಾಠ ಹೇಳಿ ನಿವೃತ್ತಳಾದವಳು ನಾನು. ಹುಟ್ಟಿದ್ದು ಮಂಡ್ಯ ಜಿಲ್ಲೆಯ ಹಳ್ಳಿಯಲ್ಲಿ. 2025ರ ಮೇ ತಿಂಗಳಲ್ಲಿ ದೇಶದ ಹಲವು ಕಡೆ ಸೈರನ್ ಕೂಗಿಸಿ ಅಣಕು ತಾಲೀಮು ನಡೆಸಿದ ಮೇಲೆ ನನಗೆ ಬರುವ ಪ್ರಶ್ನೆಗಳು ಹೆಚ್ಚಾದವು. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆಯುವಾಗ ಒಬ್ಬರು ಕೇಳಿದರು, ಮದುವೆಯ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತವರು ಕೇಳಿದರು, ಹಳೆಯ ವಿದ್ಯಾರ್ಥಿಗಳು ರಾತ್ರಿ ಹತ್ತಕ್ಕೆ ಫೋನ್ ಮಾಡಿ ಕೇಳಿದರು. ಒಬ್ಬೊಬ್ಬರಿಗೂ ಹೇಳುವ ಬದಲು ಎಲ್ಲವನ್ನೂ ಒಂದೆಡೆ ಬರೆದಿಡೋಣ ಎನಿಸಿತು.

ಮೊದಲೇ ಒಂದು ಮಾತು. ನಮ್ಮಪ್ಪ ಕಬ್ಬು ಬೆಳೆಯುತ್ತಿದ್ದರು. ಲಾರಿಯನ್ನು ಕಾರ್ಖಾನೆಯ ಗೇಟಿಗೆ ಕಳಿಸುವ ಮುಂಚೆ ಹೊರಗಿನ ತೂಕದ ಸೇತುವೆಯ ಮೇಲೆ ಒಮ್ಮೆ ತೂಗಿಸಿ ಚೀಟಿ ಇಟ್ಟುಕೊಳ್ಳುತ್ತಿದ್ದರು. ಒಂದು ವರ್ಷ ಎರಡು ಚೀಟಿಗೂ ಎಷ್ಟು ವ್ಯತ್ಯಾಸ ಬಂತೆಂದರೆ ಅವರು ಆ ಎರಡನ್ನೂ ಸಾಯುವವರೆಗೆ ಟ್ರಂಕಿನಲ್ಲಿ ಇಟ್ಟಿದ್ದರು. "ಅವರು ಸುಳ್ಳು ಹೇಳ್ತಾರೆ ಅಂತಲ್ಲ ಕಣವ್ವ, ನಾವೂ ತೂಗಿ ನೋಡಿರ್ಬೇಕು" ಅನ್ನುತ್ತಿದ್ದರು. ಅಣ್ವಸ್ತ್ರ, ರಾಸಾಯನಿಕ ಅಸ್ತ್ರ, ಜೈವಿಕ ಅಸ್ತ್ರಗಳ ಯಾವ ಒಪ್ಪಂದ ಓದಿದರೂ ನನಗೆ ಆ ಮಾತು ನೆನಪಾಗುತ್ತದೆ. ಕೆಳಗಿನ ಉತ್ತರಗಳಲ್ಲಿ ನಾನು ಮತ್ತೆ ಮತ್ತೆ ಕೇಳುವುದು ಇಷ್ಟೇ: ಮಾತು ಕೊಟ್ಟವರು ಯಾರು, ತೂಗಿ ನೋಡಿದವರು ಯಾರು?

ಸಮೂಹ ನಾಶದ ಅಸ್ತ್ರ ಅಂದರೆ ಯಾವುದು? ದೊಡ್ಡ ಬಾಂಬೆಲ್ಲ ಅದೇನಾ?

ಅಲ್ಲ. 1948ರಲ್ಲಿ ವಿಶ್ವಸಂಸ್ಥೆಯ ಒಂದು ಆಯೋಗ ಇದಕ್ಕೊಂದು ವ್ಯಾಖ್ಯೆ ಕೊಟ್ಟಿತು: ಪರಮಾಣು ಸ್ಫೋಟಕಗಳು, ವಿಕಿರಣ ಹರಡುವ ಅಸ್ತ್ರಗಳು, ಮಾರಕ ರಾಸಾಯನಿಕ ಮತ್ತು ಜೈವಿಕ ಅಸ್ತ್ರಗಳು, ಮುಂದೆ ಇವುಗಳಷ್ಟೇ ನಾಶ ಮಾಡಬಲ್ಲ ಹೊಸದೇನಾದರೂ ಬಂದರೆ ಅದು. ಇಂದಿಗೂ ಚರ್ಚೆ ಶುರುವಾಗುವುದು ಇಲ್ಲಿಂದಲೇ. ಎಷ್ಟು ಜನ ಸತ್ತರು ಎಂಬುದರ ಮೇಲೆ ಈ ಹೆಸರು ಬರುವುದಿಲ್ಲ. ಎರಡನೇ ಮಹಾಯುದ್ಧದಲ್ಲಿ ಸಾಮಾನ್ಯ ಬೆಂಕಿ ಬಾಂಬುಗಳೇ ಟೋಕಿಯೊದಲ್ಲಿ ಒಂದೇ ರಾತ್ರಿಗೆ ಹತ್ತಾರು ಸಾವಿರ ಜನರನ್ನು ಸುಟ್ಟವು. ಆದರೂ ಅವು ಈ ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿರುವ ಅಸ್ತ್ರಗಳಿಗೆ ಗುರಿಯ ಗೆರೆ ಇಲ್ಲ. ಸೈನಿಕ, ಹಾಲು ಹಾಕುವ ಹುಡುಗ, ಹೊಟ್ಟೆಯೊಳಗಿನ ಕೂಸು ಎಂಬ ಭೇದ ಅವಕ್ಕೆ ಗೊತ್ತಾಗುವುದಿಲ್ಲ. ಗಾಳಿ ಬೀಸಿದ ಕಡೆ ಹೋಗುತ್ತವೆ.

ಹಾಗಾದ್ರೆ ಟಿಪ್ಪು ರಾಕೆಟ್ಟು?

ಶ್ರೀರಂಗಪಟ್ಟಣ ನೋಡಿಕೊಂಡು ಬಂದ ಮಕ್ಕಳು ಕೇಳುವ ಪ್ರಶ್ನೆ ಇದು. ಹೈದರ್ ಮತ್ತು ಟಿಪ್ಪು ಕಾಲದ ರಾಕೆಟ್ಟುಗಳು ಸಮೂಹ ನಾಶದ ಅಸ್ತ್ರಗಳಲ್ಲ. ಮದ್ದನ್ನು ಕಬ್ಬಿಣದ ಕೊಳವೆಯಲ್ಲಿ ತುಂಬಿದ್ದು ಅವುಗಳ ಹೆಚ್ಚುಗಾರಿಕೆ. ಬಿದಿರು ಅಥವಾ ಕಾಗದದ ಕೊಳವೆ ತಾಳದ ಒತ್ತಡವನ್ನು ಕಬ್ಬಿಣ ತಾಳುತ್ತಿತ್ತು, ದೂರ ಹಾರುತ್ತಿತ್ತು. 1780ರ ಪೊಳ್ಳಿಲೂರು ಯುದ್ಧದಲ್ಲಿ ಇಂಗ್ಲಿಷರ ಪಡೆ ನುಚ್ಚುನೂರಾದಾಗ ಇವೂ ಬಳಕೆಯಾಗಿದ್ದವು. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಸಿಕ್ಕ ರಾಕೆಟ್ಟುಗಳು ಇಂಗ್ಲೆಂಡಿಗೆ ಹೋದವು. ವಿಲಿಯಂ ಕಾಂಗ್ರೀವ್ ಅವುಗಳ ಜಾಡಿನಲ್ಲಿ ತನ್ನದೊಂದು ರಾಕೆಟ್ ಮಾಡಿದ, 1807ರಲ್ಲಿ ಅವು ಕೋಪನ್‌ಹೇಗನ್ ನಗರದ ಮೇಲೆ ಬಿದ್ದವು. ಕಾವೇರಿ ದಡದಲ್ಲಿ ಹುಟ್ಟಿದ ವಿದ್ಯೆ ಹತ್ತು ವರ್ಷ ಕಳೆಯುವುದರೊಳಗೆ ಯಾವುದೋ ದೂರದ ಊರಿನ ಮನೆಗಳನ್ನು ಸುಟ್ಟಿತು. ಯುದ್ಧದ ವಿದ್ಯೆಯನ್ನು ಕೋಟೆಯೊಳಗೆ ಬೀಗ ಹಾಕಿ ಇಡಲಾಗುವುದಿಲ್ಲ. ಕ್ಷಿಪಣಿ ತಂತ್ರಜ್ಞಾನದ ರಫ್ತಿಗೆ ಕಡಿವಾಣ ಹಾಕುವ ದೇಶಗಳ ಕೂಟವೊಂದು ಈಗ ಇದೆ. ಭಾರತ 2016ರಲ್ಲಿ ಅದರ ಸದಸ್ಯನಾಯಿತು.

ರತ್ನಹಳ್ಳಿಯಲ್ಲಿ ಏನು ಮಾಡ್ತಾರೆ ಮೇಡಂ? ಅಲ್ಲಿ ಬಾಂಬ್ ಇದೆಯಾ? ಸ್ಫೋಟ ಆದರೆ?

ಹುಣಸೂರು ರಸ್ತೆಯ ಕಡೆ ಮನೆ ಕಟ್ಟಿಸುವವರೆಲ್ಲ ಇದನ್ನು ಕೇಳಿಯೇ ಕೇಳುತ್ತಾರೆ. ಯಲವಾಲದ ಹತ್ತಿರದ ರತ್ನಹಳ್ಳಿಯಲ್ಲಿ ಇರುವುದು ಭಾಭಾ ಪರಮಾಣು ಸಂಶೋಧನಾ ಕೇಂದ್ರದ ರೇರ್ ಮೆಟೀರಿಯಲ್ಸ್ ಪ್ಲಾಂಟ್. ಅತಿ ವೇಗವಾಗಿ ಸುತ್ತುವ ಸೆಂಟ್ರಿಫ್ಯೂಜ್‌ಗಳಲ್ಲಿ ಯುರೇನಿಯಂ ಸಂವರ್ಧನೆ ಮಾಡುವ, ಅಂದರೆ ಅದರಲ್ಲಿ ಶಕ್ತಿ ಕೊಡುವ ಜಾತಿಯ ಪರಮಾಣುಗಳ ಪಾಲು ಹೆಚ್ಚಿಸುವ ಘಟಕ ಅದು. ಅಲ್ಲಿಯ ಯುರೇನಿಯಂ ಮುಖ್ಯವಾಗಿ ಅರಿಹಂತ್‌ನಂಥ ಜಲಾಂತರ್ಗಾಮಿಗಳ ರಿಯಾಕ್ಟರಿಗೆ ಇಂಧನ ಎಂಬುದು ಹೊರಗಿನ ಪರಿಣತರ ಅಭಿಪ್ರಾಯ.

ಸೆಂಟ್ರಿಫ್ಯೂಜ್ ಘಟಕ ಬಾಂಬಿನಂತೆ ಸಿಡಿಯುವುದಿಲ್ಲ, ಚೆರ್ನೋಬಿಲ್‌ನಂತೆ ಕರಗುವುದೂ ಇಲ್ಲ; ಅಲ್ಲಿ ಕೆಲಸ ಬೇರೆ. ಅಂಥ ಜಾಗಗಳಲ್ಲಿ ನಿಜವಾಗಿ ಎಚ್ಚರ ವಹಿಸಬೇಕಾದದ್ದು ಯುರೇನಿಯಂ ಹೆಕ್ಸಾಫ್ಲೋರೈಡ್ ಅನಿಲದ ಸೋರಿಕೆಯ ಬಗ್ಗೆ. ಅದು ಗಾಳಿಯ ತೇವಕ್ಕೆ ತಾಗಿದರೆ ಶ್ವಾಸಕೋಶ ಸುಡುವ ಹೈಡ್ರೋಫ್ಲೋರಿಕ್ ಆಮ್ಲವಾಗುತ್ತದೆ. 1986ರ ಜನವರಿಯಲ್ಲಿ ಅಮೆರಿಕದ ಒಕ್ಲಹೋಮದ ಒಂದು ಕಾರ್ಖಾನೆಯಲ್ಲಿ ಹಾಗೆ ಸೋರಿ ಒಬ್ಬ ಕಾರ್ಮಿಕ ಸತ್ತ. ಅಂದರೆ ಅಪಾಯ ಮೊದಲು ಒಳಗೆ ದುಡಿಯುವವರಿಗೆ, ಆಮೇಲೆ ಬೇಲಿಯ ಆಚೆಯವರಿಗೆ.

ನನ್ನ ಪ್ರಶ್ನೆಗೆ ಬರುತ್ತೇನೆ. ಈ ಘಟಕಕ್ಕೆ ವಿಯೆನ್ನಾದ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಪರಿಶೀಲಕರು ಬರುವುದಿಲ್ಲ. ಅಮೆರಿಕದ ಜತೆಗಿನ ಅಣು ಒಪ್ಪಂದದ ಹೊತ್ತಿನಲ್ಲಿ ಭಾರತ ತನ್ನ 22 ರಿಯಾಕ್ಟರುಗಳಲ್ಲಿ 14ನ್ನು ನಾಗರಿಕ ಬಳಕೆಯವು ಎಂದು ಆ ಸಂಸ್ಥೆಯ ಕಣ್ಗಾವಲಿಗೆ ಒಪ್ಪಿಸಿತು. ರತ್ನಹಳ್ಳಿ ಆ ಪಟ್ಟಿಯ ಹೊರಗೆ ಉಳಿಯಿತು. ಇದು ಗುಟ್ಟಲ್ಲ, ಕಾನೂನಿನ ಉಲ್ಲಂಘನೆಯೂ ಅಲ್ಲ. ಆದರೆ ನೆರೆಯ ಹಳ್ಳಿಯ ಜನಕ್ಕೆ "ಏನೂ ಆಗಲ್ಲ" ಎಂದಷ್ಟೇ ಹೇಳಿ ಸುಮ್ಮನಿರಿಸುವುದು ನನಗೆ ಸರಿ ಕಾಣುವುದಿಲ್ಲ. ದೇಶದ ರಹಸ್ಯ ದೇಶದ ಹತ್ತಿರವೇ ಇರಲಿ. ಸೈರನ್ ಕೂಗಿದರೆ ಯಾವ ದಿಕ್ಕಿಗೆ ಹೋಗಬೇಕು, ಮೂಗಿಗೆ ಏನು ಕಟ್ಟಿಕೊಳ್ಳಬೇಕು ಎಂಬುದು ರಹಸ್ಯವಾಗಬೇಕಿಲ್ಲ.

ಇರಾನಿನ ಸುದ್ದಿ ಬಂದಾಗಲೆಲ್ಲ 60 ಪರ್ಸೆಂಟು, 90 ಪರ್ಸೆಂಟು ಅಂತಾರೆ. ಅದೇನು?

ಇದನ್ನು ನಮ್ಮ ಕಡೆಯವರಿಗೆ ಆಲೆಮನೆಯಲ್ಲಿ ನಿಂತು ಹೇಳುವುದೇ ಸುಲಭ. ಕೊಪ್ಪರಿಗೆಗೆ ಕಬ್ಬಿನ ಹಾಲು ಸುರಿದು ಒಲೆ ಹಚ್ಚುತ್ತಾರೆ. ಬಹಳ ಹೊತ್ತು ಏನೂ ಆದಂತೆ ಕಾಣುವುದಿಲ್ಲ. ಬರೀ ಹಬೆ, ಬರೀ ನೊರೆ. ಸೌದೆ, ಕಬ್ಬಿನ ಸಿಪ್ಪೆ ಎಲ್ಲ ಖರ್ಚಾಗುವುದು ಆಗಲೇ. ಪಾಕ ಬರಲು ಶುರುವಾದ ಮೇಲೆ ನೋಡನೋಡುತ್ತಿದ್ದಂತೆ ಬೆಲ್ಲ.

ಯುರೇನಿಯಂ ಸಂವರ್ಧನೆಯೂ ಹಾಗೆಯೇ. ಗಣಿಯಿಂದ ಬಂದ ಯುರೇನಿಯಂನ 1,000 ಪರಮಾಣುಗಳಲ್ಲಿ ನಮಗೆ ಬೇಕಾದ 235ರ ಜಾತಿ ಸುಮಾರು 7 ಮಾತ್ರ. ವಿದ್ಯುತ್ ರಿಯಾಕ್ಟರಿಗೆ ಶೇ 4ರಷ್ಟು ಬೇಕೆಂದರೆ ಉಳಿದವುಗಳಲ್ಲಿ 825ರಷ್ಟನ್ನು ಬೇರ್ಪಡಿಸಿ ಹಾಕಬೇಕು. 7ಕ್ಕೆ ಜತೆಯಾಗಿ 168 ಉಳಿಯುತ್ತವೆ. ಶೇ 20ಕ್ಕೆ ಹೋಗಲು ಇನ್ನೊಂದು 140 ತೆಗೆದರೆ ಸಾಕು. ಅಲ್ಲಿಂದ ಬಾಂಬಿನ ದರ್ಜೆಯ ಶೇ 90ಕ್ಕೆ ಕೇವಲ 27. ಹಾಗಾಗಿ ಶೇ 60 ಎಂದು ಕೇಳಿದಾಗ "ಇನ್ನೂ ಮೂರನೇ ಒಂದು ಪಾಲು ದಾರಿ ಇದೆ" ಎಂದುಕೊಳ್ಳಬೇಡಿ. ಪಾಕ ಆಗಲೇ ಬಂದಿದೆ, ಅಚ್ಚಿಗೆ ಸುರಿಯುವುದೊಂದೇ ಬಾಕಿ.

2015ರ ಒಪ್ಪಂದ ಇರಾನನ್ನು ಶೇ 3.67ಕ್ಕೆ ಕಟ್ಟಿಹಾಕಿತ್ತು. ಪರಿಶೀಲಕರು ಒಳಗೆ ಹೋಗಿ ಬರುತ್ತಿದ್ದರು, ಕ್ಯಾಮೆರಾ ಇದ್ದವು, ಮೊಹರು ಇದ್ದವು. 2018ರಲ್ಲಿ ಅಮೆರಿಕ ಆ ಒಪ್ಪಂದದಿಂದ ಹೊರನಡೆಯಿತು. 2021ರಲ್ಲಿ ಇರಾನ್ ಶೇ 60ಕ್ಕೆ ಏರಿತು. 2025ರ ಜೂನ್‌ನಲ್ಲಿ ಫೋರ್ಡೊ, ನತಾಂಜ್, ಇಸ್ಫಹಾನ್‌ಗಳ ಮೇಲೆ ಅಮೆರಿಕ ಬಾಂಬ್ ಹಾಕಿತು. ಬಾಂಬ್ ಕಟ್ಟಡವನ್ನು ಕೆಡವಬಹುದು. ಒಳಗಿದ್ದ ಯುರೇನಿಯಂ ಎಷ್ಟು, ಈಗ ಎಲ್ಲಿದೆ ಎಂದು ಬಾಂಬ್ ಹೇಳುವುದಿಲ್ಲ. ಅದನ್ನು ಹೇಳಬಲ್ಲವನು ಕೈಯಲ್ಲಿ ಮೀಟರು ಹಿಡಿದು ಒಳಗೆ ಹೋಗಬಲ್ಲ ಪರಿಶೀಲಕ ಮಾತ್ರ. ಇದ್ದ ತಕ್ಕಡಿಯನ್ನು ಒಡೆದು ಆಮೇಲೆ ತೂಕದ ಬಗ್ಗೆ ಜಗಳ ಆಡಿದ ಹಾಗಾಯಿತು.

ಭಾರತ ಎನ್‌ಪಿಟಿಗೆ ಯಾಕೆ ಸಹಿ ಹಾಕಿಲ್ಲ?

1968ರಲ್ಲಿ ಸಹಿಗೆ ಬಂದು 1970ರಲ್ಲಿ ಜಾರಿಯಾದ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದ, ಅಂದರೆ ಎನ್‌ಪಿಟಿ, ಒಂದು ಗೆರೆ ಎಳೆಯಿತು. 1967ರ ಜನವರಿ 1ಕ್ಕೆ ಮುಂಚೆ ಯಾರು ಅಣು ಸ್ಫೋಟ ಮಾಡಿದ್ದರೋ ಅವರು ಅಣ್ವಸ್ತ್ರ ರಾಷ್ಟ್ರಗಳು: ಅಮೆರಿಕ, ರಷ್ಯಾ, ಬ್ರಿಟನ್, ಫ್ರಾನ್ಸ್, ಚೀನಾ. ಉಳಿದವರು ಎಂದೂ ಮಾಡಬಾರದು, ತಪಾಸಣೆಗೆ ಬಾಗಿಲು ತೆಗೆದಿಡಬೇಕು. ಆ ಐವರು "ಸದುದ್ದೇಶದಿಂದ" ನಿಶ್ಶಸ್ತ್ರೀಕರಣದ ಮಾತುಕತೆ ನಡೆಸಬೇಕು. ಅದಕ್ಕೆ ಗಡುವು ಇಲ್ಲ. ಊರಿನ ಐದು ಮನೆಯವರು ತಮ್ಮ ಬಾವಿಗೆ ಬೇಲಿ ಹಾಕಿಕೊಂಡು ಬೇರೆ ಯಾರೂ ಬಾವಿ ತೋಡಬಾರದು ಎಂದಂತೆ ಎಂಬುದು ಭಾರತದ ಆಕ್ಷೇಪ. ಆ ಆಕ್ಷೇಪ ನ್ಯಾಯವಾದದ್ದೆಂದೇ ನಾನು ಮೂವತ್ತು ವರ್ಷ ಪಾಠ ಹೇಳಿದ್ದೇನೆ, ಈಗಲೂ ಹೇಳುತ್ತೇನೆ.

ಆದರೆ ನ್ಯಾಯ ಮಾತಾಡುವವನು ಮಾತಾಡುತ್ತಲೇ ಇರಬೇಕು. 1974ರ ಮೇ 18ರಂದು ಪೋಖ್ರಾನ್‌ನಲ್ಲಿ ನಡೆದದ್ದನ್ನು ನಾವು ಶಾಂತಿಯುತ ಸ್ಫೋಟ ಎಂದೆವು. ಆ ತಂಡವನ್ನು ನಡೆಸಿದವರು ನಮ್ಮ ತುಮಕೂರು ಸೀಮೆಯ ರಾಜಾ ರಾಮಣ್ಣ. ಅದಕ್ಕೆ ಪ್ರತಿಯಾಗಿಯೇ ಪರಮಾಣು ಸಾಮಗ್ರಿ ಮಾರುವ ದೇಶಗಳು ಒಂದು ಕೂಟ ಕಟ್ಟಿಕೊಂಡವು. ನಾವು ಇಂದಿಗೂ ಅದರ ಬಾಗಿಲ ಹೊರಗೆ ನಿಂತಿದ್ದೇವೆ, 2008ರಲ್ಲಿ ವಿನಾಯಿತಿ ಮಾತ್ರ ಸಿಕ್ಕಿದೆ. 1988ರಲ್ಲಿ ರಾಜೀವ್ ಗಾಂಧಿ ವಿಶ್ವಸಂಸ್ಥೆಗೆ ಹೋಗಿ 2010ರೊಳಗೆ ಎಲ್ಲರ ಅಣ್ವಸ್ತ್ರ ಹಂತಹಂತವಾಗಿ ಕಳಚುವ ಯೋಜನೆಯನ್ನೇ ಮುಂದಿಟ್ಟಿದ್ದರು. 1998ರ ಮೇ ಸ್ಫೋಟಗಳ ನಂತರ ಆ ದನಿ ತಗ್ಗಿತು. ನಮ್ಮ ಬಾವಿಯೂ ಆಯಿತಲ್ಲ ಎಂಬ ಸಮಾಧಾನ ಬಂದುಬಿಟ್ಟಿದೆಯೇನೋ ಎಂದು ನನಗೆ ಸಂಕಟವಾಗುತ್ತದೆ.

ಭಾರತ ಮೊದಲು ಅಣ್ವಸ್ತ್ರ ಬಳಸಲ್ಲ ಅನ್ನೋದು ಕಾನೂನಾ?

ಕಾನೂನಲ್ಲ, ನೀತಿ. 2003ರ ಜನವರಿ 4ರಂದು ಸಂಪುಟದ ಭದ್ರತಾ ಸಮಿತಿ ಅದನ್ನು ಪ್ರಕಟಿಸಿತು. ಮೊದಲು ಬಳಸುವುದಿಲ್ಲ, ನಮ್ಮ ಮೇಲೆ ಬಳಸಿದರೆ ಪ್ರತೀಕಾರ ಭಾರೀ ಇರುತ್ತದೆ, ಗುಂಡಿ ಒತ್ತುವ ಅಧಿಕಾರ ಪ್ರಧಾನಿ ಅಧ್ಯಕ್ಷತೆಯ ರಾಜಕೀಯ ಮಂಡಳಿಗೆ ಮಾತ್ರ. ಅದರಲ್ಲೇ ಜನ ಗಮನಿಸದ ಒಂದು ಸಾಲಿದೆ: ದೊಡ್ಡ ಪ್ರಮಾಣದ ಜೈವಿಕ ಅಥವಾ ರಾಸಾಯನಿಕ ದಾಳಿಯಾದರೂ ಅಣ್ವಸ್ತ್ರದಿಂದ ಉತ್ತರಿಸುವ ಹಕ್ಕನ್ನು ಭಾರತ ಉಳಿಸಿಕೊಂಡಿದೆ. 2019ರ ಆಗಸ್ಟ್‌ನಲ್ಲಿ ಆಗಿನ ರಕ್ಷಣಾ ಸಚಿವರು ಪೋಖ್ರಾನ್‌ನಲ್ಲೇ ನಿಂತು, ಮುಂದೇನಾಗುತ್ತದೋ ಅದು ಸಂದರ್ಭದ ಮೇಲೆ ಎಂದರು. ನೀತಿ ಬದಲಾಗಿಲ್ಲ. ಆದರೂ ಒಂದು ಮಾತಿನ ಬೆಲೆ ಇರುವುದೇ ಅದು ಅಲುಗಾಡದಿರುವುದರಲ್ಲಿ.

ಎರಡೂ ಕಡೆ ಬಾಂಬ್ ಇದ್ರೆ ಯುದ್ಧವೇ ಆಗಲ್ಲ ಅಂತಾರಲ್ಲ?

1998ರ ಮೇ ತಿಂಗಳಲ್ಲಿ ಭಾರತ, ಪಾಕಿಸ್ತಾನ ಎರಡೂ ಅಣು ಸ್ಫೋಟ ಮಾಡಿದವು, 1999ರ ಮೇ ತಿಂಗಳಲ್ಲಿ ಕಾರ್ಗಿಲ್ ಶುರುವಾಯಿತು. ದೊಡ್ಡ ಯುದ್ಧ ತಪ್ಪಿರಬಹುದು, ಯುದ್ಧ ತಪ್ಪಲಿಲ್ಲ.

ನನಗೆ ಹೆಚ್ಚು ಭಯ ಇರುವುದು ಯಾರೂ ಬೇಕೆಂದು ಮಾಡದ ತಪ್ಪುಗಳದು. 1983ರ ಸೆಪ್ಟೆಂಬರ್ 26ರಂದು ಸೋವಿಯತ್ ಒಕ್ಕೂಟದ ಕಂಪ್ಯೂಟರು ಅಮೆರಿಕದ ಕ್ಷಿಪಣಿಗಳು ಬರುತ್ತಿವೆ ಎಂದು ಸೂಚನೆ ಕೊಟ್ಟಿತು. ಪಾಳಿಯಲ್ಲಿದ್ದ ಸ್ಟಾನಿಸ್ಲಾವ್ ಪೆಟ್ರೋವ್ ಎಂಬ ಅಧಿಕಾರಿ ಇದು ಯಂತ್ರದ ದೋಷವೆಂದು ತೀರ್ಮಾನಿಸಿದ. ಅವನ ಊಹೆ ಸರಿಯಾಗಿತ್ತು. ಮೋಡದ ಮೇಲಿನ ಬಿಸಿಲನ್ನು ಉಪಗ್ರಹ ಕ್ಷಿಪಣಿ ಎಂದುಕೊಂಡಿತ್ತು. ನಮ್ಮಲ್ಲೇ 2022ರ ಮಾರ್ಚ್ 9ರಂದು ಒಂದು ಬ್ರಹ್ಮೋಸ್ ಕ್ಷಿಪಣಿ ತಪ್ಪಿ ಹಾರಿ ಪಾಕಿಸ್ತಾನದ ಮಿಯಾಂ ಚನ್ನೂ ಹತ್ತಿರ ಬಿತ್ತು. ಸಿಡಿತಲೆ ಇರಲಿಲ್ಲ, ಯಾರೂ ಸಾಯಲಿಲ್ಲ. ವಾಯುಪಡೆಯ ಮೂವರು ಅಧಿಕಾರಿಗಳನ್ನು ಆಮೇಲೆ ವಜಾ ಮಾಡಲಾಯಿತು. ಆ ಕಡೆ ಅಂದು ಯಾರೋ ಒಬ್ಬರು ತಾಳ್ಮೆ ತಂದುಕೊಂಡರು. ಈ ಭದ್ರತೆಯೆಲ್ಲ ಹೀಗೆ ಹೆಸರಿಲ್ಲದ ಯಾರದೋ ತಾಳ್ಮೆಯ ಮೇಲೆ ನಿಂತಿದೆ ಎಂದು ನೆನೆದರೆ ನಿದ್ದೆ ಬರುವುದಿಲ್ಲ.

ಮೈಸೂರಿನ ಮೇಲೆ ಒಂದು ಬಾಂಬ್ ಬಿದ್ದರೆ?

ಈ ಪ್ರಶ್ನೆಗೆ ಉತ್ತರಿಸಲು ಮನಸ್ಸಿಲ್ಲ. ಆದರೆ ಬಾಂಬ್ ಹಾಕಿಬಿಡಬೇಕು ಎಂದು ಟೀ ಅಂಗಡಿಯಲ್ಲಿ ಸುಲಭವಾಗಿ ಮಾತಾಡುವವರನ್ನು ಕಂಡಾಗ ಉತ್ತರಿಸಲೇಬೇಕು ಅನ್ನಿಸುತ್ತದೆ.

1945ರ ಆಗಸ್ಟ್ 6ರ ಬೆಳಿಗ್ಗೆ 8.15ಕ್ಕೆ ಹಿರೋಷಿಮಾದ ಮೇಲೆ ಸಿಡಿದ ಬಾಂಬು ಸುಮಾರು 15 ಕಿಲೋಟನ್ನಿನದು, ಅಂದರೆ 15,000 ಟನ್ ಟಿಎನ್‌ಟಿ ಸಿಡಿಮದ್ದಿನಷ್ಟು ಬಲದ್ದು. ಇಂದಿನ ಲೆಕ್ಕದಲ್ಲಿ ಚಿಕ್ಕದು. ನಡುವಿನಿಂದ ಸುಮಾರು 1.6 ಕಿ.ಮೀ. ಸುತ್ತ ಎಲ್ಲವೂ ನೆಲಸಮವಾಯಿತು. ಆ ಅಳತೆಯ ದಾರವನ್ನು ಕೆ.ಆರ್. ಸರ್ಕಲ್‌ನಲ್ಲಿ ಹಿಡಿದು ಒಂದು ಸುತ್ತು ಹಾಕಿ. ಅರಮನೆ, ದೇವರಾಜ ಮಾರುಕಟ್ಟೆ, ರೈಲು ನಿಲ್ದಾಣ, ಕೆ.ಆರ್. ಆಸ್ಪತ್ರೆ, ಪಕ್ಕದ ಮೆಡಿಕಲ್ ಕಾಲೇಜು, ಎಲ್ಲವೂ ಒಳಗೆ. ಗಾಯಾಳುಗಳನ್ನು ಎಲ್ಲಿಗೆ ಒಯ್ಯುತ್ತೀರಿ? ಹಿರೋಷಿಮಾದಲ್ಲಿ ಹತ್ತು ಡಾಕ್ಟರುಗಳಲ್ಲಿ ಒಂಬತ್ತು ಮಂದಿ ಸತ್ತಿದ್ದರು ಇಲ್ಲವೇ ಗಾಯಗೊಂಡಿದ್ದರು. ಆ ವರ್ಷದ ಕೊನೆಯ ಹೊತ್ತಿಗೆ ಸತ್ತವರು ಸುಮಾರು 1,40,000. ಮೂರು ದಿನದ ನಂತರದ ನಾಗಸಾಕಿಯಲ್ಲಿ ಸುಮಾರು 74,000.

ದೂರದಲ್ಲಿ ಉಳಿದವರು ಮಾಡಬಹುದಾದದ್ದು ಇಷ್ಟು. ಹತ್ತಿರದ ಕಾಂಕ್ರೀಟ್ ಕಟ್ಟಡದ ನಡುಭಾಗಕ್ಕೆ ಅಥವಾ ನೆಲಮಾಳಿಗೆಗೆ ಹೋಗಿ. ಶೀಟಿನ ಮನೆ ಸಾಲದು. ಹೊರಗಿದ್ದವರು ಮೇಲಿನ ಬಟ್ಟೆ ಕಳಚಿ ಹೊರಗೇ ಇಟ್ಟು, ಮೈ ಮತ್ತು ತಲೆ ಸೋಪಿನಲ್ಲಿ ತೊಳೆದುಕೊಳ್ಳಿ, ಗಸಗಸ ಉಜ್ಜಬೇಡಿ. ಕಡಿಮೆಯೆಂದರೂ 24 ಗಂಟೆ ಒಳಗೇ ಇರಿ. ಉದುರುವ ಬೂದಿಯ ವಿಕಿರಣ ಬೇಗ ಇಳಿಯುತ್ತದೆ. ಏಳು ಪಟ್ಟು ಹೊತ್ತು ಕಳೆದರೆ ಹತ್ತನೇ ಒಂದು ಪಾಲಿಗೆ ಬರುತ್ತದೆ ಎಂಬುದು ಸ್ಥೂಲ ಲೆಕ್ಕ. ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಅಯೋಡಿನ್ ಮಾತ್ರೆ ಥೈರಾಯ್ಡ್ ಗ್ರಂಥಿಯನ್ನು ಮಾತ್ರ ಕಾಯುತ್ತದೆ. ಅದೂ ಅಧಿಕಾರಿಗಳು ಹೇಳಿದಾಗ ನುಂಗಿದರೆ. ಗಾಯಕ್ಕೆ ಹಚ್ಚುವ ಟಿಂಚರ್ ಕುಡಿಯಬೇಡಿ, ಅದು ವಿಷ.

ಬಾಂಬ್ ಬಿದ್ದರೆ ದಿಲ್ಲಿ, ಲಾಹೋರ್ ಕಡೆ ತಾನೆ? ಮಂಡ್ಯಕ್ಕೇನು?

ಗದ್ದೆಯ ಬದುವಿನ ಮೇಲೆ ನಿಂತು ನಮ್ಮಣ್ಣನೇ ಕೇಳಿದ ಪ್ರಶ್ನೆ. ಅಲನ್ ರೊಬೊಕ್, ಬ್ರಯನ್ ಟೂನ್ ಮುಂತಾದ ಹವಾಮಾನ ವಿಜ್ಞಾನಿಗಳು 2007ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಭಾರತ ಮತ್ತು ಪಾಕಿಸ್ತಾನ ತಲಾ 50ರಂತೆ ಹಿರೋಷಿಮಾ ಅಳತೆಯ ಬಾಂಬುಗಳನ್ನು ನಗರಗಳ ಮೇಲೆ ಹಾಕಿದರೆ ಆ ಬೆಂಕಿಯಿಂದ ಸುಮಾರು 50 ಲಕ್ಷ ಟನ್ ಮಸಿ ಮೇಲೇರುತ್ತದೆ. ಮಳೆ ಹುಟ್ಟುವ ಎತ್ತರಕ್ಕೂ ಮೇಲೆ ಹೋಗುವುದರಿಂದ ಮಳೆಯಲ್ಲಿ ತೊಳೆದುಹೋಗುವುದಿಲ್ಲ, ವರ್ಷಗಟ್ಟಲೆ ಬಿಸಿಲಿಗೆ ಅಡ್ಡ ನಿಲ್ಲುತ್ತದೆ. ಭೂಮಿ ತಣ್ಣಗಾಗುತ್ತದೆ, ಮುಂಗಾರು ಸೊರಗುತ್ತದೆ. ಇದು ಕಂಪ್ಯೂಟರ್ ಮಾದರಿಯ ಲೆಕ್ಕ, ಎಷ್ಟು ಮಸಿ ಏರುತ್ತದೆ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ವಾದವಿದೆ. ಆದರೂ ಮಂಡ್ಯದವರಿಗೆ ಬಿಡಿಸಿ ಹೇಳಬೇಕಿಲ್ಲ. ಕೊಡಗಿನಲ್ಲಿ ಒಂದು ವರ್ಷ ಮಳೆ ಕೈಕೊಟ್ಟು ಕನ್ನಂಬಾಡಿ ಕಟ್ಟೆ 124.80 ಅಡಿ ಮುಟ್ಟದಿದ್ದರೆ ನಾಲೆಗಳ ಗತಿ ಏನು, ಊರಿನ ಗತಿ ಏನು ಎಂದು ಕಂಡವರು ನಾವು. ಬೇಲಿ ಆಚೆಯ ಬೆಂಕಿಗೆ ನಮ್ಮ ಭತ್ತದ ಸಸಿ ಮಡಿ ಒಣಗುತ್ತದೆ.

ಕನ್ನಂಬಾಡಿ ಕಟ್ಟೆಗೆ ಬಾಂಬ್ ಹಾಕಬಾರದು ಅಂತ ಒಪ್ಪಂದ ಇದೆಯಂತೆ, ಹೌದಾ?

ಎರಡು ಸಂಗತಿ ಬೆರೆತಿವೆ. ಭಾರತ–ಪಾಕಿಸ್ತಾನ 1988ರ ಡಿಸೆಂಬರ್ 31ರಂದು ಮಾಡಿಕೊಂಡ ಒಪ್ಪಂದ ಒಬ್ಬರ ಪರಮಾಣು ಸ್ಥಾವರಗಳ ಮೇಲೆ ಇನ್ನೊಬ್ಬರು ದಾಳಿ ಮಾಡಬಾರದು ಎನ್ನುತ್ತದೆ. ಪ್ರತಿ ಜನವರಿ 1ಕ್ಕೆ ಎರಡೂ ಕಡೆಯವರು ಸ್ಥಾವರಗಳ ಪಟ್ಟಿ ಬದಲಾಯಿಸಿಕೊಳ್ಳುತ್ತಾರೆ. 1992ರಿಂದ ನಡೆದು ಬಂದಿದೆ. ಸಂಸತ್ತಿನ ಮೇಲಿನ ದಾಳಿಯ ನಂತರ ಸೇನೆಗಳು ಗಡಿಯಲ್ಲಿ ಎದುರುಬದುರು ನಿಂತಿದ್ದ 2002ರ ಜನವರಿಯಲ್ಲೂ ಪಟ್ಟಿ ಕೈಬದಲಾಯಿತು. ಜಗಳವಾಡಿ ಮಾತು ಬಿಟ್ಟ ದಾಯಾದಿಗಳೂ ಹಬ್ಬಕ್ಕೊಮ್ಮೆ ಎಲೆ ಅಡಿಕೆ ಕೊಟ್ಟು ಕಳಿಸುವ ಹಾಗೆ. ನನಗೆ ಈ ಒಪ್ಪಂದದ ಮೇಲೆ ಬಹಳ ಗೌರವ.

ಅಣೆಕಟ್ಟು ಅದರಲ್ಲಿಲ್ಲ. ಜಿನೀವಾ ಒಡಂಬಡಿಕೆಗಳ 1977ರ ಮೊದಲ ಹೆಚ್ಚುವರಿ ಒಪ್ಪಂದದ 56ನೇ ವಿಧಿ ಅಣೆಕಟ್ಟು, ಏರಿ, ಅಣು ವಿದ್ಯುತ್ ಸ್ಥಾವರಗಳಿಗೆ ರಕ್ಷಣೆ ಕೊಡುತ್ತದೆ. ಭಾರತ ಅದಕ್ಕೆ ಸೇರಿಲ್ಲ. ಉಕ್ರೇನಿನ ಕಖೋವ್ಕಾ ಅಣೆಕಟ್ಟು 2023ರ ಜೂನ್ 6ರಂದು ಒಡೆದು ಕೆಳಗಿನ ಊರುಗಳು ಮುಳುಗಿದ್ದನ್ನು ನೋಡಿದ ಮೇಲೆ, ನದಿಯ ಕೆಳದಂಡೆಯಲ್ಲಿ ಬದುಕುವ ನಮ್ಮಂಥವರ ಸಲುವಾಗಿಯಾದರೂ ನೆರೆಯವರೊಡನೆ ಅಣೆಕಟ್ಟುಗಳ ಬಗ್ಗೆ ಅಂಥದೊಂದು ಪಟ್ಟಿ ಇರಬೇಕಿತ್ತು ಎನಿಸುತ್ತದೆ.

ರಾಸಾಯನಿಕ ಅಸ್ತ್ರ ಈಗ ಇಲ್ಲವೇ ಇಲ್ಲ ಅಂತಾರೆ. ನಂಬಬಹುದಾ?

ಬಹುಮಟ್ಟಿಗೆ ನಂಬಬಹುದು. ನಂಬಬಹುದಾದ್ದಕ್ಕೆ ಕಾರಣ ತಕ್ಕಡಿ.

1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಊರಿನ ಹತ್ತಿರ ಜರ್ಮನ್ನರು ಕ್ಲೋರಿನ್ ಅನಿಲ ಬಿಟ್ಟರು. ಹತ್ತು ವರ್ಷದ ನಂತರ ಜಿನೀವಾದಲ್ಲಿ ಬಳಸುವುದಿಲ್ಲ ಎಂದು ದೇಶಗಳು ಸಹಿ ಹಾಕಿದವು, ಆದರೆ ತಯಾರಿಸಿ ಇಟ್ಟುಕೊಳ್ಳಲು ಅಡ್ಡಿ ಇರಲಿಲ್ಲ, ನೋಡುವವರೂ ಇರಲಿಲ್ಲ. 1988ರ ಮಾರ್ಚ್ 16ರಂದು ಸದ್ದಾಂ ಹುಸೇನನ ಪಡೆ ಹಲಬ್ಜಾ ಎಂಬ ಕುರ್ದಿಶ್ ಊರಿನ ಮೇಲೆ ಅನಿಲ ಹಾಕಿ ಸುಮಾರು 5,000 ಜನರನ್ನು ಕೊಂದಿತು. ಆಮೇಲೆ ಬಂದ ರಾಸಾಯನಿಕ ಅಸ್ತ್ರಗಳ ಒಪ್ಪಂದ ಹಲ್ಲಿರುವ ಒಪ್ಪಂದ. 1997ರ ಏಪ್ರಿಲ್ 29ರಂದು ಜಾರಿಯಾಯಿತು, 193 ದೇಶಗಳು ಸೇರಿವೆ. ತಯಾರಿಸಬಾರದು, ಇಟ್ಟುಕೊಳ್ಳಬಾರದು, ಇದ್ದದ್ದನ್ನು ಪರಿಶೀಲಕರ ಎದುರಿಗೇ ನಾಶ ಮಾಡಬೇಕು. ಹೇಗ್ ನಗರದ ರಾಸಾಯನಿಕ ಅಸ್ತ್ರ ನಿಷೇಧ ಸಂಸ್ಥೆ ಇದನ್ನು ನೋಡಿಕೊಳ್ಳುತ್ತದೆ; 2013ರಲ್ಲಿ ಅದಕ್ಕೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ದೇಶಗಳು ಘೋಷಿಸಿದ್ದ 72,000 ಟನ್ನಿಗೂ ಹೆಚ್ಚು ವಿಷವನ್ನು ಸುಟ್ಟು, ಕರಗಿಸಿ ಮುಗಿಸಲಾಯಿತು. ಕೊನೆಯದು ಅಮೆರಿಕದ್ದು, 2023ರ ಜುಲೈ 7ರಂದು.

ಇಲ್ಲಿ ನಮ್ಮ ದೇಶದ್ದೇ ಒಂದು ಕಥೆ ಇದೆ, ನಾನು ತರಗತಿಯಲ್ಲಿ ತಪ್ಪದೆ ಹೇಳುತ್ತಿದ್ದೆ. 1992ರಲ್ಲಿ ಭಾರತ ಮತ್ತು ಪಾಕಿಸ್ತಾನ ರಾಸಾಯನಿಕ ಅಸ್ತ್ರ ತಯಾರಿಸುವುದಿಲ್ಲ, ಸಂಪಾದಿಸುವುದಿಲ್ಲ, ಬಳಸುವುದಿಲ್ಲ ಎಂದು ಜಂಟಿ ಘೋಷಣೆ ಮಾಡಿದವು. ಐದು ವರ್ಷದ ನಂತರ ತಪಾಸಣೆಯ ಒಪ್ಪಂದ ಜಾರಿಗೆ ಬಂದಾಗ ಭಾರತ ತನ್ನ ಹತ್ತಿರ ಸುಮಾರು 1,044 ಟನ್ ಸಾಸಿವೆ ಅನಿಲದ, ಅಂದರೆ ಮೈ ಸುಟ್ಟು ಬೊಬ್ಬೆ ಎಬ್ಬಿಸುವ ವಿಷದ ಸಂಗ್ರಹ ಇದೆ ಎಂದು ಘೋಷಿಸಿತು. 2009ರ ಹೊತ್ತಿಗೆ ಪೂರ್ತಿ ನಾಶ ಮಾಡಿತು. ಈ ಕೊನೆಯ ಹೆಜ್ಜೆಗಾಗಿ ನನಗೆ ನನ್ನ ದೇಶದ ಮೇಲೆ ಹೆಮ್ಮೆ ಇದೆ. ಆದರೆ ಬರೀ ಮಾತಿನ ಕಾಲದಲ್ಲಿ ಹೊರಬರದ ಸತ್ಯ ತೂಕದ ಕಾಲದಲ್ಲಿ ಹೊರಬಂತು ಎಂಬುದನ್ನು ಮರೆಯಬಾರದು.

ಎಲ್ಲ ಮುಗಿದಿಲ್ಲ. ಉತ್ತರ ಕೊರಿಯಾ ಮತ್ತು ಈಜಿಪ್ಟ್ ಸಹಿಯನ್ನೇ ಹಾಕಿಲ್ಲ, ಇಸ್ರೇಲ್ ಸಹಿ ಹಾಕಿ ಅಲ್ಲಿಗೇ ನಿಲ್ಲಿಸಿದೆ. ಸಿರಿಯಾದ ಘೌಟಾದಲ್ಲಿ 2013ರ ಆಗಸ್ಟ್‌ನಲ್ಲಿ ಸಾರಿನ್ ಎಂಬ ನರವಿಷದ ಬಳಕೆಯಾಯಿತು. ಜತೆಗೆ, ವಿಷ ಅಸ್ತ್ರಾಗಾರದಲ್ಲೇ ಹುಟ್ಟಬೇಕೆಂದಿಲ್ಲ. ಬಾಲ್‌ಪೆನ್ ಶಾಯಿಗೆ ಬಳಸುವ ಥಯೋಡೈಗ್ಲೈಕಾಲ್ ಸಾಸಿವೆ ಅನಿಲಕ್ಕೂ ಮೂಲ. ಭೋಪಾಲದ ಕಾರ್ಖಾನೆಯಲ್ಲಿ ಆ ಮಾರಕ ಅನಿಲವನ್ನು ತಯಾರಿಸಲು ಬಳಸುತ್ತಿದ್ದ ಫಾಸ್ಜೀನ್ ಮೊದಲ ಮಹಾಯುದ್ಧದ ವಿಷ. ಅದಕ್ಕೇ ಪರಿಶೀಲಕರು ಸಾಮಾನ್ಯ ಕೆಮಿಕಲ್ ಕಾರ್ಖಾನೆಗಳಿಗೂ ಬಂದು ಲೆಕ್ಕ ನೋಡುತ್ತಾರೆ.

ಜೈವಿಕ ಅಸ್ತ್ರಕ್ಕೂ ಹಾಗೇ ತಪಾಸಣೆ ಇದೆಯಾ?

ಇಲ್ಲ. ನನ್ನನ್ನು ಅತಿ ಹೆಚ್ಚು ಕಾಡುವುದು ಇದೇ.

1972ರಲ್ಲಿ ಸಹಿಯಾಗಿ 1975ರಲ್ಲಿ ಜಾರಿಗೆ ಬಂದ ಜೈವಿಕ ಅಸ್ತ್ರಗಳ ಒಪ್ಪಂದ ಒಂದು ಇಡೀ ವರ್ಗದ ಅಸ್ತ್ರವನ್ನೇ ನಿಷೇಧಿಸಿದ ಮೊದಲ ಒಪ್ಪಂದ. ಅದರಲ್ಲಿ ಪರಿಶೀಲಕರಿಲ್ಲ. ಸೇರಿಸಲು ವರ್ಷಗಟ್ಟಲೆ ನಡೆದ ಮಾತುಕತೆ 2001ರಲ್ಲಿ ಅಮೆರಿಕ ಒಲ್ಲೆ ಎಂದ ಮೇಲೆ ಮುರಿದುಬಿತ್ತು. ಬರೀ ಮಾತಿನ ಬೆಲೆ ಎಷ್ಟು ಎಂದು ಸೋವಿಯತ್ ಒಕ್ಕೂಟ ತೋರಿಸಿತು. ಈ ಒಪ್ಪಂದದ ದಾಖಲೆ ಕಾಯುವ ಮೂರು ದೇಶಗಳಲ್ಲಿ ಅದೂ ಒಂದು. 1979ರಲ್ಲಿ ಅದರ ಸ್ವೆರ್ಡ್‌ಲೋವ್ಸ್ಕ್ ನಗರದಲ್ಲಿ ಸೇನೆಯ ಪ್ರಯೋಗಾಲಯದಿಂದ ಆಂಥ್ರಾಕ್ಸ್ ಸೋರಿ ಕಡಿಮೆಯೆಂದರೂ 66 ಜನ ಸತ್ತರು. ನಮ್ಮ ಕಡೆ ದನಕುರಿಗಳಿಗೆ ಬರುವ ನೆರಡಿ ರೋಗ ಅದೇ. ಕೆಟ್ಟ ಮಾಂಸ ತಿಂದು ಸತ್ತರು ಎಂದು ಸರ್ಕಾರ ಹೇಳಿತು. ನಿಜ ಒಪ್ಪಿಕೊಂಡದ್ದು 1992ರಲ್ಲಿ, ರಷ್ಯಾದ ಅಧ್ಯಕ್ಷ ಯೆಲ್ಟ್‌ಸಿನ್ ಕಾಲದಲ್ಲಿ.

ಸಾಂಕ್ರಾಮಿಕ ಎಂದರೇನೆಂದು ಮೈಸೂರಿಗೆ ಯಾರೂ ಹೇಳಿಕೊಡಬೇಕಿಲ್ಲ. 1898ರಲ್ಲಿ ಪ್ಲೇಗು ಬಂದಾಗ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡರು. 1903ರಲ್ಲಿ ನಗರಾಭಿವೃದ್ಧಿಗೆ ಪ್ರತ್ಯೇಕ ಟ್ರಸ್ಟ್ ಬೋರ್ಡ್ ಹುಟ್ಟಿದ್ದರ ಹಿಂದೆ, ಅಗಲ ರಸ್ತೆ ಗಾಳಿಬೆಳಕಿನ ಬಡಾವಣೆಗಳ ಹಿಂದೆ ಆ ಭಯ ಇದೆ. ಅದಕ್ಕೂ ಮುಂಚೆ, 1805ರ ಸುಮಾರಿನಲ್ಲಿ ಬರೆದ ಮೈಸೂರು ರಾಜಮನೆತನದ ಮೂವರು ಸ್ತ್ರೀಯರ ಚಿತ್ರವೊಂದಿದೆ. ಸಿಡುಬಿನ ಲಸಿಕೆಯ ಬಗ್ಗೆ ಜನಕ್ಕೆ ಧೈರ್ಯ ತುಂಬಲು ಬರೆಸಿದ್ದು ಎಂದು ಇತಿಹಾಸಕಾರರ ಒಂದು ವಾದ. ಅರಮನೆಯ ಹೆಣ್ಣುಮಕ್ಕಳು ತೋಳು ಚಾಚಿ ಶುರುಮಾಡಿದ ಆ ಕೆಲಸ 1980ರಲ್ಲಿ ಜಗತ್ತು ಸಿಡುಬಿನಿಂದ ಮುಕ್ತ ಎಂಬ ಘೋಷಣೆಯಲ್ಲಿ ಮುಗಿಯಿತು. ಪೂರ್ತಿ ಮುಗಿದಿಲ್ಲ. ಅಮೆರಿಕದ ಅಟ್ಲಾಂಟಾ ಮತ್ತು ರಷ್ಯಾದ ಕೋಲ್ತ್ಸೊವೊದಲ್ಲಿ ಆ ವೈರಾಣುವನ್ನು ಇಂದಿಗೂ ಫ್ರೀಜರಿನಲ್ಲಿ ಕಾದಿಟ್ಟಿದ್ದಾರೆ. ನನ್ನ ತೋಳಿನ ಮೇಲೆ ಲಸಿಕೆಯ ಗುರುತಿದೆ. ನನ್ನ ಮಗಳ ತೋಳಿನ ಮೇಲೆ ಇಲ್ಲ.

ಸಮೂಹ ನಾಶದ ಅಸ್ತ್ರ ಇದೆ ಅಂತ ಅಮೆರಿಕ ಇರಾಕಿನ ಮೇಲೆ ಯುದ್ಧ ಮಾಡಿತಲ್ಲ, ಅಲ್ಲಿ ಸಿಕ್ಕಿತಾ?

ಸಿಗಲಿಲ್ಲ. 2003ರಲ್ಲಿ ಹ್ಯಾನ್ಸ್ ಬ್ಲಿಕ್ಸ್ ನೇತೃತ್ವದ ವಿಶ್ವಸಂಸ್ಥೆಯ ಪರಿಶೀಲಕರು ಇನ್ನೂ ಕೆಲವು ತಿಂಗಳು ಕೇಳುತ್ತಿದ್ದಾಗಲೇ ಯುದ್ಧ ಶುರುವಾಯಿತು. ಆಕ್ರಮಿಸಿದವರೇ ಕಳಿಸಿದ ತಂಡ 2004ರಲ್ಲಿ ವರದಿ ಕೊಟ್ಟಿತು: ಅಸ್ತ್ರ ಸಂಗ್ರಹ ಇರಲಿಲ್ಲ. ಪರಿಶೀಲಕರ ಚೀಟಿ ಸರಿಯಾಗಿತ್ತು.

ಹೆಬ್ಬಾಳದಲ್ಲಿ ನಂದೊಂದು ಸಣ್ಣ ವರ್ಕ್‌ಶಾಪ್ ಇದೆ. ಹೊರದೇಶದ ಆರ್ಡರ್ ಬಂದರೆ ನಾನು ಇದಕ್ಕೆಲ್ಲ ತಲೆ ಕೆಡಿಸ್ಕೋಬೇಕಾ?

ಕೆಡಿಸಿಕೊಳ್ಳಲೇಬೇಕು. 2003ರ ಅಕ್ಟೋಬರ್‌ನಲ್ಲಿ ಲಿಬಿಯಾಕ್ಕೆ ಹೊರಟಿದ್ದ ಒಂದು ಹಡಗನ್ನು ಇಟಲಿಯಲ್ಲಿ ತಡೆದಾಗ ಅದರಲ್ಲಿ ಸಾವಿರಾರು ಸೆಂಟ್ರಿಫ್ಯೂಜ್ ಬಿಡಿಭಾಗಗಳಿದ್ದವು. ಅಣ್ವಸ್ತ್ರದ ತಂತ್ರಜ್ಞಾನವನ್ನು ಕದ್ದುಮುಚ್ಚಿ ಮಾರುತ್ತಿದ್ದ ಪಾಕಿಸ್ತಾನದ ಎ.ಕ್ಯೂ. ಖಾನ್ ಜಾಲಕ್ಕಾಗಿ ಅವನ್ನು ತಯಾರಿಸಿದ್ದು ಮಲೇಷ್ಯಾದ ಒಂದು ಖಾಸಗಿ ಕಾರ್ಖಾನೆ.

2004ರ ವಿಶ್ವಸಂಸ್ಥೆ ಭದ್ರತಾ ಮಂಡಳಿಯ 1540ನೇ ನಿರ್ಣಯದ ನಂತರ ಭಾರತ 2005ರಲ್ಲಿ ಸಮೂಹ ನಾಶದ ಅಸ್ತ್ರಗಳ ಕಾಯ್ದೆ ಮಾಡಿತು. 2022ರಲ್ಲಿ ಇಂಥ ಕೆಲಸಕ್ಕೆ ಹಣ ಒದಗಿಸುವುದನ್ನೂ ಅಪರಾಧಕ್ಕೆ ಸೇರಿಸಿತು. ನೀವು ನೋಡಬೇಕಾದ್ದು ಸ್ಕೊಮೆಟ್ ಪಟ್ಟಿ, ಅಂದರೆ ರಫ್ತಿಗೆ ನಿಯಂತ್ರಣವಿರುವ ಸರಕುಗಳ ಸರ್ಕಾರಿ ಪಟ್ಟಿ. ಕೆಲವು ವಿಶೇಷ ಉಕ್ಕು, ಕಾರ್ಬನ್ ನಾರು, ಕೆಲವು ಬಗೆಯ ಸಿಎನ್‌ಸಿ ಯಂತ್ರ, ಪಂಪು, ವಾಲ್ವು, ರಾಸಾಯನಿಕ, ಇವನ್ನು ಹೊರಗೆ ಕಳಿಸಲು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಲೈಸೆನ್ಸ್ ಬೇಕು. ಡ್ರಾಯಿಂಗ್ ಅನ್ನು ಇ–ಮೇಲ್‌ನಲ್ಲಿ ಕಳಿಸಿದರೂ ರಫ್ತೇ. ಕೊಳ್ಳುವವನು ಮಾಲು ಯಾತಕ್ಕೆಂದು ಬಾಯಿಬಿಡುವುದಿಲ್ಲವೇ? ವಿಳಾಸ ಬರೀ ಸರಕು ಸಾಗಣೆಯವನದೇ? ರೇಟು ಕೇಳದೆ ಪೂರ್ತಿ ಹಣ ಮುಂಗಡ ಕೊಡುತ್ತೇನೆ ಎನ್ನುತ್ತಾನೆಯೇ? ಆರ್ಡರ್ ಎಷ್ಟೇ ದೊಡ್ಡದಿರಲಿ, ಅಂತಿಮ ಬಳಕೆಯ ಪ್ರಮಾಣಪತ್ರ ಕೇಳಿ.

ಹೊಸ ಅಣ್ವಸ್ತ್ರ ನಿಷೇಧ ಒಪ್ಪಂದ ಬಂದಿದೆಯಲ್ಲ, ಅದರಿಂದ ಏನಾದರೂ ಆಯಿತಾ?

2021ರ ಜನವರಿ 22ರಂದು ಜಾರಿಯಾಯಿತು. ಅಣ್ವಸ್ತ್ರ ಇರುವ ಒಂಬತ್ತು ದೇಶಗಳಲ್ಲಿ ಒಂದೂ ಸೇರಿಲ್ಲ, ಭಾರತವೂ ಇಲ್ಲ. ಅಸ್ತ್ರಗಳು ಕಡಿಮೆಯಾದದ್ದು ಬೇರೆ ದಾರಿಯಿಂದ. 1986ರ ಸುಮಾರಿಗೆ 70,000ದಷ್ಟಿದ್ದ ಸಿಡಿತಲೆಗಳು ಈಗ ಅಂದಾಜು 12,000ಕ್ಕೆ ಇಳಿದಿವೆ. ಅಮೆರಿಕ ಮತ್ತು ರಷ್ಯಾ ಪರಸ್ಪರರ ನೆಲೆಗೆ ಹೋಗಿ ಎಣಿಸಿ ನೋಡುವ ಒಪ್ಪಂದಗಳು ಅದಕ್ಕೆ ದೊಡ್ಡ ಕಾರಣ. ಆದರೆ ಆ ಒಪ್ಪಂದಗಳೂ ಒಂದೊಂದಾಗಿ ಕಳಚಿವೆ. ಮಧ್ಯಮ ದೂರದ ಕ್ಷಿಪಣಿಗಳ ಒಪ್ಪಂದ 2019ರಲ್ಲಿ ಸತ್ತಿತು. ಇಬ್ಬರ ದೂರಗಾಮಿ ಅಣ್ವಸ್ತ್ರಗಳಿಗೆ ಮಿತಿ ಹಾಕಲು 2010ರಲ್ಲಿ ಸಹಿಯಾದ ನ್ಯೂ ಸ್ಟಾರ್ಟ್‌ನ ತಪಾಸಣೆಗಳು ಕೋವಿಡ್ ಕಾಲದಲ್ಲಿ ನಿಂತವು ಮತ್ತೆ ಶುರುವಾಗಲೇ ಇಲ್ಲ. ಅದರ ಅವಧಿ ಇದ್ದದ್ದು 2026ರ ಫೆಬ್ರುವರಿ 5ರವರೆಗೆ.

ನಾನು ಮಾನಸಗಂಗೋತ್ರಿಯಲ್ಲಿ ಕೆಮಿಸ್ಟ್ರಿ ಎಂ.ಎಸ್ಸಿ. ಮಾಡ್ತಿದ್ದೀನಿ. ಇದರಲ್ಲಿ ನನಗೇನಾದರೂ ಕೆಲಸ ಇದೆಯಾ ಮೇಡಂ?

ಇದೆಯಮ್ಮ. ಹೇಗ್‌ನ ಸಂಸ್ಥೆ ತನ್ನ ಪರಿಶೀಲಕರನ್ನು ಆರಿಸುವುದು ಕೆಮಿಸ್ಟ್ರಿ, ಕೆಮಿಕಲ್ ಎಂಜಿನಿಯರಿಂಗ್ ಓದಿ ಕೆಲವು ವರ್ಷ ದುಡಿದವರಿಂದ. ವಿಯೆನ್ನಾದ ಸಂಸ್ಥೆಗೆ ಭೌತವಿಜ್ಞಾನ, ಎಂಜಿನಿಯರಿಂಗ್ ಓದಿದವರು ಬೇಕು. ಓದು ಮುಗಿದ ಮರುದಿನವೇ ಸಿಗುವ ಕೆಲಸಗಳಲ್ಲ. ಮೊದಲು ವಿಶ್ಲೇಷಣಾ ಪ್ರಯೋಗಾಲಯದಲ್ಲೋ ಕಾರ್ಖಾನೆಯ ಸುರಕ್ಷತಾ ವಿಭಾಗದಲ್ಲೋ ಕೈ ಪಳಗಿಸಿಕೊ. ಗ್ಯಾಸ್ ಕ್ರೊಮ್ಯಾಟೊಗ್ರಫಿ ಮತ್ತು ಮಾಸ್ ಸ್ಪೆಕ್ಟ್ರೋಮೆಟ್ರಿ ಚೆನ್ನಾಗಿ ಕಲಿ. ಮಾದರಿಯಲ್ಲಿ ವಿಷದ ಸುಳಿವು ಹಿಡಿಯುವುದು ಬಹುಪಾಲು ಅವುಗಳಿಂದಲೇ. ಇಂಗ್ಲಿಷಿನ ಜತೆ ಫ್ರೆಂಚ್ ಅಥವಾ ರಷ್ಯನ್ ಬಂದರೆ ಅನುಕೂಲ. ಎರಡೂ ಸಂಸ್ಥೆಗಳ ಖಾಲಿ ಹುದ್ದೆಗಳು ಅವುಗಳ ಜಾಲತಾಣದಲ್ಲೇ ಪ್ರಕಟವಾಗುತ್ತವೆ, ಮಧ್ಯವರ್ತಿಗಳಿಗೆ ಒಂದು ರೂಪಾಯಿ ಕೊಡಬೇಡ.

ನೀನು ಹೊರಟ ದಿನ ನನಗೆ ತಿಳಿಸು. ನಮ್ಮಪ್ಪನ ಆ ಎರಡು ತೂಕದ ಚೀಟಿಗಳು ಈಗ ನನ್ನ ಬೀರುವಿನಲ್ಲಿವೆ. ಒಂದನ್ನು ನಿನಗೆ ಕೊಡಬೇಕು ಅಂತ ಇಟ್ಟಿದ್ದೇನೆ.